ಕೂತು ಹೋಗುವ ಪುಟ್ಟ ರೈಲು: ಮೊದಲು ಹಳಿ, ಆಮೇಲೆ ಎಂಜಿನ್

ನಮ್ಮ ತೋಟದ ರೈಲು ನೋಡಲು ಬಂದವರೆಲ್ಲ ಮೊದಲು ಎಂಜಿನ್ ಹತ್ತಿರ ಹೋಗುತ್ತಾರೆ. ಯಾವ ಮೋಟಾರು, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಎಷ್ಟು ಜನರನ್ನು ಎಳೆಯುತ್ತದೆ ಅಂತ ಕೇಳುತ್ತಾರೆ. ಹಳಿ ಬಗ್ಗೆ ಕೇಳುವವರು ಅಪರೂಪ. ನಾನೂ ಎಂಜಿನ್ನಿನಿಂದಲೇ ಶುರು ಮಾಡಿದ್ದೆ. ಅದು ಎರಡು ತಿಂಗಳಲ್ಲಿ ಮುಗಿಯಿತು. ಹಳಿ ಸರಿಹೋಗಲು ಎರಡು ವರ್ಷ ಬೇಕಾಯಿತು. ಅದಕ್ಕೇ ಈ ಬರಹದಲ್ಲಿ ಹಳಿಯದ್ದೇ ಮಾತು ಜಾಸ್ತಿ. ಎಂಜಿನ್ ಕೊನೆಗೆ ಬರುತ್ತದೆ.

ನಾನು ದಾವಣಗೆರೆಯಲ್ಲಿ ಮೂವತ್ತೈದು ವರ್ಷ ಲೇತ್ ಮೇಲೆ ಕೆಲಸ ಮಾಡಿದವನು. ತೋಟ ಇರುವುದು ಚನ್ನಗಿರಿ ತಾಲ್ಲೂಕಿನಲ್ಲಿ, ಸಂತೇಬೆನ್ನೂರಿನ ಕಡೆ. ಚಿಕ್ಕವನಿದ್ದಾಗ ಅಜ್ಜಿ ಜೊತೆ ದಾವಣಗೆರೆಯಿಂದ ಚಿಕ್ಕಜಾಜೂರಿಗೆ ರೈಲಿನಲ್ಲಿ ಹೋಗುತ್ತಿದ್ದೆ. ಆಗ ಮೀಟರ್ ಗೇಜ್, ಉಗಿ ಎಂಜಿನ್. ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಕಣ್ಣಿಗೆ ಕಲ್ಲಿದ್ದಲ ಕಣ ಬೀಳುತ್ತಿತ್ತು. ಅಜ್ಜಿ ಸೆರಗಿನ ತುದಿ ಸುರುಳಿ ಮಾಡಿ, ಉಫ್ ಅಂತ ಬಿಸಿ ಊದಿ ಕಣ್ಣಿಗೆ ಒತ್ತುತ್ತಿದ್ದಳು. ಆ ರೈಲಿನ ಆಸೆ ಹೋಗಲೇ ಇಲ್ಲ. ಮೊಮ್ಮಗಳು ಹುಟ್ಟಿದ ವರ್ಷ ಕೆಲಸ ಶುರು ಮಾಡಿದೆ.

ಮೊದಲು ಗೇಜ್ ತೀರ್ಮಾನ ಮಾಡಿಕೊಳ್ಳಿ. ಗೇಜ್ ಅಂದರೆ ಎರಡು ಹಳಿಗಳ ಒಳ ಅಂಚುಗಳ ನಡುವಿನ ಅಂತರ. ನಮ್ಮ ದೊಡ್ಡ ರೈಲಿನದ್ದು 1676 ಮಿ.ಮೀ. ಪ್ರಯಾಣಿಕರು ಕೂರುವ ಪುಟ್ಟ ರೈಲುಗಳಲ್ಲಿ 5 ಇಂಚು, 7¼ ಇಂಚು, 10¼ ಇಂಚು, 15 ಇಂಚು, ಹೀಗೆ ಹಲವು ಅಳತೆಗಳಿವೆ. ಇಂಗ್ಲೆಂಡಿನ ಸರ್ ಆರ್ಥರ್ ಹೇವುಡ್ ಎಂಬುವವರು 1874ರಲ್ಲಿ ತಮ್ಮ ಮನೆ ಜಾಗದಲ್ಲೇ 15 ಇಂಚಿನ ಹಳಿ ಹಾಕಿಸಿದರು. ಜನ, ಸರಕು ಎರಡನ್ನೂ ಸಾಗಿಸಲು ಎಷ್ಟು ಚಿಕ್ಕ ಗೇಜ್ ಸಾಕು ಎಂದು ನೋಡುವುದು ಅವರ ಉದ್ದೇಶ. ಅದೇ ಗೇಜಿನ ಮೇಲೆ 1927ರಲ್ಲಿ ಕೆಂಟ್ ಸೀಮೆಯ ಸಮುದ್ರ ದಂಡೆಯಲ್ಲಿ ರಾಮ್ನಿ, ಹೈಥ್ ಅಂಡ್ ಡಿಮ್‌ಚರ್ಚ್ ರೈಲು ಶುರುವಾಯಿತು. ಅದು ಈಗಲೂ ಸುಮಾರು 22 ಕಿ.ಮೀ. ಓಡುತ್ತದೆ. ನಮ್ಮಲ್ಲಿ ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲು ಹತ್ತದ ಮಕ್ಕಳು ಕಡಿಮೆ.

ಮನೆ ಮಟ್ಟಿಗೆ 7¼ ಇಂಚು, ಅಂದರೆ 184 ಮಿ.ಮೀ., ಸರಿಯಾದ ಅಳತೆ ಎಂದು ನನ್ನ ಅಭಿಪ್ರಾಯ. ಐದು ಇಂಚಿನದ್ದು ಕಿರಿದು. ದೊಡ್ಡವರು ಕೂತು ಸ್ವಲ್ಪ ವಾಲಿದರೂ ಡಬ್ಬಿ ಮಗುಚುವ ಭಯ. ಹತ್ತು ಇಂಚು ದಾಟಿದರೆ ಚಕ್ರ, ಹಳಿ, ತಿರುವು ಎಲ್ಲ ದೊಡ್ಡದಾಗಿ, ಖರ್ಚು ಕೈ ಮೀರುತ್ತದೆ. 7¼ ಇಂಚಿನಲ್ಲಿ ಆರು ಜನ ನೆಮ್ಮದಿಯಾಗಿ ಹೋಗಬಹುದು, ಹಳಿಯ ಒಂದೊಂದು ತುಂಡನ್ನು ಒಬ್ಬನೇ ಎತ್ತಬಹುದು.

ಇನ್ನು ಜಾಗ. ಕಾಗದದ ಮೇಲೆ ಬರೆಯುವ ಮುಂಚೆ ತೋಟದಲ್ಲಿ ಸುಣ್ಣದ ಪುಡಿ ಹಾಕಿ ನೋಡಿ. ನನ್ನ ಸುತ್ತು ಎರಡು ಅರ್ಧ ವೃತ್ತ, ಎರಡು ನೆಟ್ಟಗಿನ ದಾರಿ. ವೃತ್ತದ ತ್ರಿಜ್ಯ 12 ಮೀಟರ್, ನೆಟ್ಟಗಿನ ದಾರಿ ತಲಾ 20 ಮೀಟರ್. ಒಟ್ಟು 115 ಮೀಟರ್. ಒಂದು ನೆಟ್ಟಗಿನ ದಾರಿ ಅಡಿಕೆ ಸಾಲಿನ ನಡುವೆ ಹೋಗುತ್ತದೆ, ಇನ್ನೊಂದು ಕಣದ ಪಕ್ಕ. ನಮ್ಮ ಸಾಲುಗಳ ಅಂತರ 9 ಅಡಿ. ಹಳಿ ಸರಿಯಾಗಿ ನಡುವೆ ಬಂದರೆ ಮೊಣಕಾಲು ಮರಕ್ಕೆ ತಾಗುವುದಿಲ್ಲ. ಅಡಿಕೆ ಬೇರು ಮೇಲೆಯೇ ಹರಡಿರುತ್ತದೆ, ಬುಡದ ಹತ್ತಿರ ಆಳ ಅಗೆಯಬೇಡಿ. ಡ್ರಿಪ್ ಪೈಪುಗಳು ಹಳಿ ದಾಟುವ ಕಡೆ ಮೊದಲೇ ಒಂದೊಂದು ದಪ್ಪ ಪಿವಿಸಿ ಪೈಪು ಹೂತು ಅದರೊಳಗೆ ತೂರಿಸಿ. ಆಮೇಲೆ ಹಳಿ ಕಿತ್ತು ಹಾಕುವ ಕೆಲಸ ತಪ್ಪುತ್ತದೆ. ತ್ರಿಜ್ಯ 12 ಮೀಟರಿಗಿಂತ ಕಡಿಮೆ ಮಾಡಬೇಡಿ. ಜಾಗ ಇದ್ದರೆ 15 ಮಾಡಿ.

ಇಳಿಜಾರನ್ನು ಕಣ್ಣಳತೆಯಲ್ಲಿ ನಂಬಬೇಡಿ. ಗಾರೆ ಕೆಲಸದವರ ಹತ್ತಿರ ಇರುವ ಪಾರದರ್ಶಕ ಪೈಪು ತಂದು, ನೀರು ತುಂಬಿ, ಎರಡು ತುದಿಯ ಮಟ್ಟ ನೋಡಿ. ನಮ್ಮ ತೋಟ ನೋಡಲು ಸಪಾಟಾಗಿಯೇ ಇದೆ. ಅಳೆದಾಗ ಮೇಲಿನ ತುದಿಗೂ ಕೆಳಗಿನ ತುದಿಗೂ 70 ಸೆಂ.ಮೀ. ವ್ಯತ್ಯಾಸ ಸಿಕ್ಕಿತು. ಅರ್ಧ ಸುತ್ತು 57 ಮೀಟರ್. ಅಂದರೆ ಸುಮಾರು 80ಕ್ಕೆ 1ರ ಏರು. ಪುಟ್ಟ ರೈಲಿಗೆ ಇದು ಆಗುತ್ತದೆ. 50ಕ್ಕೆ 1 ಬಂದರೆ ಎಂಜಿನ್ ಏದುಸಿರು ಬಿಡುತ್ತದೆ, ಇಳಿಯುವಾಗ ಬ್ರೇಕಿನ ಚಿಂತೆ ಬೇರೆ. ಅಲ್ಲಿ ಮಣ್ಣು ತೆಗೆದೋ ತುಂಬಿಯೋ ಏರನ್ನು ಉದ್ದಕ್ಕೆ ಹಂಚಿ.

ಈ ಕಡೆ ಎರೆ ಭೂಮಿ ಇರುವವರಿಗೆ ಒಂದು ಮಾತು. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಜಲ್ಲಿ ಸುರಿದರೆ ಎರಡೇ ಮಳೆಗೆ ಜಲ್ಲಿ ಮಣ್ಣಿನೊಳಗೆ ಹೋಗಿರುತ್ತದೆ. ಅರ್ಧ ಮೀಟರ್ ಅಗಲ, 20 ಸೆಂ.ಮೀ. ಆಳ ತೆಗೆಯಿರಿ. ಗರಸು ತುಂಬಿ, ನೀರು ಹಾಕಿ ದಮ್ಮಸ್ಸು ಮಾಡಿ. ಅದರ ಮೇಲೆ ಹಳೆಯ ಗೊಬ್ಬರದ ಚೀಲ ಬಿಚ್ಚಿ ಹಾಸಿ. ಆಮೇಲೆ 12 ಮಿ.ಮೀ. ಜಲ್ಲಿ, ನಾಲ್ಕು ಇಂಚು ದಪ್ಪ. ಪಕ್ಕದಲ್ಲಿ ನೀರು ಹರಿದು ಹೋಗಲು ಕಾಲುವೆ ಬಿಡಲೇಬೇಕು. ಹಳಿಯ ಕೆಳಗೆ ನೀರು ನಿಂತರೆ ಮುಗಿಯಿತು. ನಮ್ಮದು ಅರ್ಧ ಕೆಂಪು ಮಣ್ಣು, ಅರ್ಧ ಎರೆ. ಕೆಂಪು ಮಣ್ಣಿನ ಕಡೆ ಹಾಕಿದ ಹಳಿಯನ್ನು ಹಾಕಿದ ಮೇಲೆ ಮುಟ್ಟಿದ್ದೇ ಕಡಿಮೆ.

ಹಳಿಗೆ ನಾನು ಬಳಸಿದ್ದು 25×10 ಮಿ.ಮೀ. ಎಂ.ಎಸ್. ಫ್ಲಾಟ್, ಅಂದರೆ ಗ್ರಿಲ್ ಅಂಗಡಿಯವರು ತರುವ ಕಬ್ಬಿಣದ ಪಟ್ಟಿ. ಅದನ್ನು ಅಂಚಿನ ಮೇಲೆ ನಿಲ್ಲಿಸಬೇಕು, 25 ಎತ್ತರಕ್ಕೆ, 10 ಅಗಲಕ್ಕೆ. ಕೆಳಗೆ 40×5ರ ಪಟ್ಟಿಯನ್ನು ಒಂದೊಂದು ಅಡಿ ತುಂಡು ಮಾಡಿ, ಒಂದು ಅಡಿಗೊಂದರಂತೆ ಸ್ಲೀಪರ್ ಆಗಿ, ಅಂದರೆ ಎರಡು ಹಳಿಗಳನ್ನು ಹಿಡಿದಿಡುವ ಅಡ್ಡಪಟ್ಟಿಯಾಗಿ, ವೆಲ್ಡ್ ಮಾಡಿದೆ. ರೇಟು ದಿನಾ ಬದಲಾಗುತ್ತದೆ, ಅದಕ್ಕೆ ತೂಕ ಹೇಳುತ್ತೇನೆ. ಹಳಿಯೇ ಮೀಟರಿಗೆ ಸುಮಾರು 4 ಕೆ.ಜಿ., ಸ್ಲೀಪರ್ ಒಂದೂವರೆ ಕೆ.ಜಿ. 115 ಮೀಟರಿಗೆ 630 ಕೆ.ಜಿ. ಹತ್ತಿರ. ನಿಮ್ಮೂರಿನ ದರಕ್ಕೆ ಗುಣಿಸಿಕೊಳ್ಳಿ. ತರುವಾಗ ಒಂದೊಂದು ಪಟ್ಟಿಯನ್ನೂ ಕಣ್ಣಿನ ಹತ್ತಿರ ಹಿಡಿದು ಉದ್ದಕ್ಕೆ ನೋಡಿ ತನ್ನಿ. ತಿರುಚಿದ್ದನ್ನು ಅಂಗಡಿಯಲ್ಲೇ ಬಿಡಿ.

ಆರು ಮೀಟರ್ ಪಟ್ಟಿಯನ್ನು ಎರಡು ಮಾಡಿ, ಮೂರು ಮೀಟರಿನ ಹಳಿ ತುಂಡುಗಳನ್ನು ಮನೆಯಲ್ಲೇ ತಯಾರು ಮಾಡಿಕೊಳ್ಳಿ. ಒಂದು ತುಂಡು 16-17 ಕೆ.ಜಿ. ತೂಗುತ್ತದೆ. ಎರಡು ಹಳಿಗಳನ್ನು ಅಲುಗಾಡದಂತೆ ಹಿಡಿಯುವ ಒಂದು ಚೌಕಟ್ಟು ಮಾಡಿಕೊಂಡು ಅದರಲ್ಲೇ ವೆಲ್ಡ್ ಮಾಡಿ. ಒಂದೇ ಕಡೆಯಿಂದ ಸಾಲಾಗಿ ವೆಲ್ಡ್ ಮಾಡುತ್ತಾ ಹೋದರೆ ಬಿಸಿಗೆ ಹಳಿ ಬಾಳೆಕಾಯಿಯ ಹಾಗೆ ಬಾಗುತ್ತದೆ. ಈ ತುದಿಗೆ ಒಂದು, ಆ ತುದಿಗೆ ಒಂದು, ನಡುವೆ ಒಂದು, ಹೀಗೆ ಹಾರಿಸಿ ಹಾರಿಸಿ ಮಾಡಿ. ಆರುವ ತನಕ ಚೌಕಟ್ಟಿನಿಂದ ತೆಗೆಯಬೇಡಿ. ಕೊನೆಗೆ ಹಳಿಯ ಮೇಲಿನ ಒಳ ಅಂಚನ್ನು ಗ್ರೈಂಡರ್‌ನಿಂದ ಎರಡು ಮಿ.ಮೀ.ನಷ್ಟು ಗುಂಡಗೆ ಮಾಡಿ. ಚೂಪು ಅಂಚು ಇದ್ದರೆ ಚಕ್ರ ಅದನ್ನು ಹಿಡಿದು ಮೇಲೆ ಹತ್ತುತ್ತದೆ.

ತಿರುವಿಗೆ ಬಗ್ಗಿಸುವ ಮೆಷಿನ್ ಬೇಕು ಅಂತ ತುಂಬಾ ಜನ ಹೆದರುತ್ತಾರೆ. ಬೇಡ. 10 ಮಿ.ಮೀ. ದಪ್ಪದ ಪಟ್ಟಿ 12 ಮೀಟರ್ ತ್ರಿಜ್ಯಕ್ಕೆ ಕೈಯಲ್ಲಿ ಎಳೆದರೇ ಬಾಗುತ್ತದೆ. ಚೌಕಟ್ಟಿಗೆ ಗೂಟ ಹೊಡೆದು, ಅದರೊಳಗೆ ಬಾಗಿಸಿ ಕೂರಿಸಿ ವೆಲ್ಡ್ ಮಾಡಿದರೆ ಸಾಕು. ಕಷ್ಟ ಇರುವುದು ತುದಿಯಲ್ಲಿ. ಪಟ್ಟಿಯ ಎರಡೂ ತುದಿ ಮತ್ತೆ ನೆಟ್ಟಗಾಗಲು ನೋಡುತ್ತವೆ. ಹಾಗೇ ಜೋಡಿಸಿದರೆ ಪ್ರತಿ ಜೋಡಣೆಯಲ್ಲೂ ಒಂದು ಮೂಲೆ ಬೀಳುತ್ತದೆ, ರೈಲು ಅಲ್ಲೆಲ್ಲ ಟಕ್ ಅಂತ ಹೊಡೆಯುತ್ತದೆ. ಅದಕ್ಕೆ ಕೊನೆಯ ಒಂದು ಅಡಿಯನ್ನು ಮಾತ್ರ ವೈಸ್‌ನಲ್ಲಿ ಹಿಡಿದು ಮೊದಲೇ ಸ್ವಲ್ಪ ಬಗ್ಗಿಸಿಕೊಳ್ಳಿ. ತಿರುವು ಸರಿ ಇದೆಯೋ ಇಲ್ಲವೋ ನೋಡಲು ಎರಡು ಮೀಟರ್ ದಾರ ಸಾಕು. ಹೊರ ಹಳಿಯ ಒಳ ಅಂಚಿಗೆ ದಾರದ ಎರಡು ತುದಿ ಹಿಡಿಯಿರಿ, ನಡುವಿನಲ್ಲಿ ದಾರದಿಂದ ಹಳಿಗೆ ಅಳೆಯಿರಿ. 12 ಮೀಟರ್ ತ್ರಿಜ್ಯಕ್ಕೆ 41 ಮಿ.ಮೀ. ಬರಬೇಕು. ಒಂದು ಕಡೆ 36, ಇನ್ನೊಂದು ಕಡೆ 47 ಬಂದರೆ ಅಲ್ಲಿ ತಿರುವು ಏಕಸಮ ಇಲ್ಲ ಅಂತ ಅರ್ಥ. ಇನ್ನೊಂದು ಲೆಕ್ಕ ಮರೆಯಬೇಡಿ. ಅರ್ಧ ವೃತ್ತದಲ್ಲಿ ಹೊರ ಹಳಿ ಒಳ ಹಳಿಗಿಂತ 61 ಸೆಂ.ಮೀ. ಉದ್ದ. ಎರಡನ್ನೂ ಒಂದೇ ಉದ್ದ ಕತ್ತರಿಸಿದರೆ ಜೋಡಣೆಗಳು ಓರೆಯಾಗುತ್ತಾ ಹೋಗುತ್ತವೆ. ತಿರುವಿನಲ್ಲಿ ಗೇಜನ್ನು 3 ಮಿ.ಮೀ. ಸಡಿಲ ಬಿಟ್ಟಿದ್ದೇನೆ, 187. ಇಲ್ಲದಿದ್ದರೆ ಚಕ್ರ ಬಿಗಿಯುತ್ತದೆ.

ಜೋಡಣೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊದಲ ಸಲ ಕಣದ ಪಕ್ಕದ 20 ಮೀಟರ್ ಹಳಿಯನ್ನು ಸಂದು ಬಿಡದೆ ಒಂದೇ ಉದ್ದಕ್ಕೆ ವೆಲ್ಡ್ ಮಾಡಿಬಿಟ್ಟೆ. ಹಾಕಿದ್ದು ಜನವರಿಯ ಬೆಳಗಿನ ಚಳಿಯಲ್ಲಿ. ನೋಡಲು ಗೆರೆ ಎಳೆದ ಹಾಗಿತ್ತು. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಊಟ ಮಾಡುತ್ತಿದ್ದೆ. ತಮ್ಮ ತೋಟದಿಂದ ಕೂಗಿದ: "ಅಣ್ಣಾ, ಹಳಿ ಹಾವಾಗೈತಿ ಬಾ ಇಲ್ಲಿ!" ಕೈ ತೊಳೆದು ಓಡಿದೆ. ನೆಟ್ಟಗಿನ ದಾರಿಯ ನಡುವೆ ಹಳಿ ನಾಲ್ಕು ಬೆರಳು ಪಕ್ಕಕ್ಕೆ ಸರಿದು, ಮತ್ತೆ ವಾಪಸ್ ಬಂದಿತ್ತು. ಜಲ್ಲಿ ಒಂದು ಕಡೆ ಗುಡ್ಡೆಯಾಗಿ ತಳ್ಳಿಕೊಂಡಿತ್ತು. ಹಳಿ ಮುಟ್ಟಲು ಆಗುತ್ತಿರಲಿಲ್ಲ, ಅಷ್ಟು ಸುಡುತ್ತಿತ್ತು. ಸಂಜೆ ಆರಕ್ಕೆ ಹೋಗಿ ನೋಡಿದರೆ ಮುಕ್ಕಾಲು ಭಾಗ ತಾನಾಗಿಯೇ ಹಿಂದಕ್ಕೆ ಬಂದಿತ್ತು.

ಅದರ ಲೆಕ್ಕ ಸುಲಭ. ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಪ್ರತಿ ಮೀಟರಿಗೆ 0.012 ಮಿ.ಮೀ. ಹಿಗ್ಗುತ್ತದೆ. ಬಿಸಿಲಿನಲ್ಲಿ ಬಿದ್ದ ಹಳಿ ಚಳಿಯ ಬೆಳಗಿಗಿಂತ 35 ಡಿಗ್ರಿ ಜಾಸ್ತಿ ಬಿಸಿಯಾದರೆ 20 ಮೀಟರಿಗೆ 8 ಮಿ.ಮೀ. ಮೇಲೆ ಹಿಗ್ಗಿತು. ಆ ಎಂಟು ಮಿ.ಮೀ.ಗೆ ಜಾಗ ಇಲ್ಲದಿದ್ದರೆ ಹಳಿ ಪಕ್ಕಕ್ಕೆ ಸೊಟ್ಟ ಆಗಲೇಬೇಕು. ಮೂರು ಮೀಟರಿನ ತುಂಡಾದರೆ ಒಂದೂವರೆ ಮಿ.ಮೀ. ಒಳಗೇ ಮುಗಿಯುತ್ತದೆ. ಈಗ ನಾನು ಬೆಳಿಗ್ಗೆ ಏಳಕ್ಕೆ, ಎರಡು ಮಿ.ಮೀ. ತಗಡಿನ ತುಂಡು ಸಂದಿನಲ್ಲಿಟ್ಟು ಜೋಡಿಸುತ್ತೇನೆ. ಫಿಶ್‌ಪ್ಲೇಟಿನ, ಅಂದರೆ ಎರಡು ಹಳಿ ತುಂಡುಗಳನ್ನು ಬೋಲ್ಟ್ ಹಾಕಿ ಜೋಡಿಸುವ ಪಟ್ಟಿಯ, ತೂತು ಗುಂಡಗೆ ಬೇಡ, ಉದ್ದಕ್ಕೆ ಇರಲಿ. ಬೋಲ್ಟನ್ನು ಪೂರ್ತಿ ಬಿಗಿದು ಕಾಲು ಸುತ್ತು ಹಿಂದಕ್ಕೆ ಬಿಡಿ, ಎರಡು ನಟ್ ಹಾಕಿ. ಆಮೇಲೆ ಎಷ್ಟೋ ಏಪ್ರಿಲ್ ಕಳೆದಿವೆ, ಹಳಿ ಅಲುಗಿಲ್ಲ.

ಹಾಕಿದ ಮೇಲೆ ಗೇಜಿಗಿಂತ ಜಾಸ್ತಿ ಗಮನ ಕೊಡಬೇಕಾದ್ದು ತಿರುಚಿಗೆ. ಎಡ ಹಳಿ, ಬಲ ಹಳಿ ಎರಡೂ ಒಂದೇ ಮಟ್ಟ ಇರಬೇಕು. ಇಲ್ಲಿ ಎಡ ತಗ್ಗು, ಮುಂದೆ ಒಂದು ಮೀಟರಿಗೆ ಬಲ ತಗ್ಗು ಅಂದರೆ ನಾಲ್ಕು ಚಕ್ರದಲ್ಲಿ ಒಂದು ಗಾಳಿಯಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ನಿಂತ ಚಕ್ರಕ್ಕೆ ಹಳಿ ಹತ್ತುವುದು ಎಷ್ಟು ಹೊತ್ತಿನ ಕೆಲಸ? ಒಮ್ಮೆ ಮೊಮ್ಮಗಳು ಕೂತಿದ್ದಾಗಲೇ ಹಿಂದಿನ ಡಬ್ಬಿ ತಿರುವು ಮುಗಿಯುವ ಜಾಗದಲ್ಲಿ ಇಳಿಯಿತು. ನಡೆಯುವಷ್ಟೇ ವೇಗ ಇದ್ದುದರಿಂದ ಏನೂ ಆಗಲಿಲ್ಲ, ಆದರೆ ನನ್ನ ಕೈ ನಡುಗಿತು. ಗೇಜ್ ಹಿಡಿದು ನೋಡಿದೆ, ಸರಿಯಾಗೇ ಇತ್ತು. ರಸಮಟ್ಟ ಅಡ್ಡ ಇಟ್ಟಾಗ ಗೊತ್ತಾಯಿತು, ಒಂದು ಮೀಟರಿನಲ್ಲಿ 6 ಮಿ.ಮೀ. ತಿರುಚಿತ್ತು. ಜಲ್ಲಿ ತೆಗೆದರೆ ಕೆಳಗೆ ಇಲಿ ಬಿಲ. ಅವತ್ತೇ ಒಂದು ಕೋಲು ಮಾಡಿದೆ. ಕೆಳಗೆ 184 ಮಿ.ಮೀ.ಗೆ ಎರಡು ಹಲ್ಲು, ಮೇಲೆ ಪುಟ್ಟ ರಸಮಟ್ಟ. ಅದನ್ನು ಹಳಿ ಮೇಲೆ ಇಡುತ್ತಾ ನಡೆದರೆ ಗೇಜ್, ಮಟ್ಟ ಎರಡೂ ಒಟ್ಟಿಗೆ ಸಿಗುತ್ತವೆ. ಈ ಕೋಲು ಇಲ್ಲದೆ ಹಳಿ ಹಾಕಲು ಹೋಗಬೇಡಿ. ತಿರುವಿನಲ್ಲಿ ಹೊರ ಹಳಿಯನ್ನು ದೊಡ್ಡ ರೈಲಿನ ಹಾಗೆ ಎತ್ತರಿಸಬೇಕಾ ಅಂತ ಕೇಳುತ್ತಾರೆ. ಗಂಟೆಗೆ 7 ಕಿ.ಮೀ. ವೇಗಕ್ಕೆ ಬೇಕಾಗಿಲ್ಲ. ಹೊರ ಹಳಿ ತಗ್ಗಬಾರದು, ಅಷ್ಟು ನೋಡಿಕೊಳ್ಳಿ.

ಚಕ್ರ ನನ್ನ ಇಷ್ಟದ ಕೆಲಸ. ಹರಿಹರದಲ್ಲಿ ತಯಾರಾದ ಹಳೆಯ ಮೈಸೂರು ಕಿರ್ಲೋಸ್ಕರ್ ಲೇತ್ ನನ್ನ ಹತ್ತಿರ ಇದೆ, ಇಪ್ಪತ್ತು ಚಕ್ರವನ್ನೂ ಅದರಲ್ಲೇ ತಿರುಗಿಸಿದೆ. ವ್ಯಾಸ 130 ಮಿ.ಮೀ. ಹಳಿ ಮೇಲೆ ಕೂರುವ ಭಾಗವನ್ನು ಸಪಾಟು ಬಿಡಬೇಡಿ. 20ಕ್ಕೆ 1ರಷ್ಟು ಓರೆ ಕೊಡಿ, ಒಳಗಡೆ ದಪ್ಪ, ಹೊರಗಡೆ ಸಣ್ಣ. ಎರಡು ಚಕ್ರವೂ ಒಂದೇ ಆಕ್ಸಲ್‌ಗೆ ಬಿಗಿದಿರುತ್ತವೆ ಅಲ್ವಾ? ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಹೋಗಬೇಕು. ಆಕ್ಸಲ್ ಸ್ವಲ್ಪ ಹೊರಕ್ಕೆ ಸರಿದಾಗ ಹೊರಗಿನ ಚಕ್ರ ತನ್ನ ದಪ್ಪ ಭಾಗದ ಮೇಲೆ, ಒಳಗಿನದು ಸಣ್ಣ ಭಾಗದ ಮೇಲೆ ಉರುಳುತ್ತದೆ. ದೊಡ್ಡ ರೈಲಿನಲ್ಲೂ ಇದೇ ತಂತ್ರ. ನಮ್ಮಂಥ ಬಿಗಿ ತಿರುವಿನಲ್ಲಿ ಇದೊಂದೇ ಸಾಲದು, ಚಕ್ರದ ಏಣೂ, ಅಂದರೆ ಹಳಿಯ ಒಳಗಡೆ ಇಳಿದು ನಿಲ್ಲುವ ಅದರ ಅಂಚೂ, ಕೆಲಸ ಮಾಡುತ್ತದೆ. ಏಣಿನ ಬುಡದಲ್ಲಿ ಚೂಪು ಮೂಲೆ ಬಿಡದೆ ಗುಂಡಗೆ ಮಾಡಿ. ಬೇರಿಂಗಿಗೆ ಯುಸಿಪಿ 204 ಬ್ಲಾಕ್ ಸಾಕು, 20 ಮಿ.ಮೀ. ಆಕ್ಸಲ್‌ಗೆ, ಯಾವ ಅಂಗಡಿಯಲ್ಲೂ ಸಿಗುತ್ತದೆ. ಬ್ಲಾಕಿನ ಕೆಳಗೆ ದಪ್ಪ ರಬ್ಬರ್ ತುಂಡು ಇಡಿ. ಹಳಿ ಎರಡು ಮಿ.ಮೀ. ಏರುಪೇರಾದರೂ ನಾಲ್ಕು ಚಕ್ರವೂ ಹಳಿ ಬಿಡುವುದಿಲ್ಲ.

ಡಬ್ಬಿ ಉದ್ದದ ಬೆಂಚಿನ ಹಾಗೆ. ಸೈಕಲ್ ಮೇಲೆ ಕೂತ ಹಾಗೆ ಎರಡು ಕಡೆ ಕಾಲು ಹಾಕಿ ಕೂರಬೇಕು. ಸೀಟು ಹಳಿಯಿಂದ ಒಂದು ಅಡಿ ಎತ್ತರಕ್ಕಿಂತ ಜಾಸ್ತಿ ಬೇಡ. ಕಾಲಿಡಲು ಎರಡೂ ಕಡೆ ಹಲಗೆ ಕೊಡಿ, ಹಲಗೆಯ ಒಳಗಡೆ ತಗಡು ಹೊಡೆದು ಚಕ್ರ ಪೂರ್ತಿ ಮುಚ್ಚಿ. ನಮ್ಮ ಕಡೆ ಸೀರೆ, ಲುಂಗಿ, ದುಪಟ್ಟಾ ಇರುತ್ತವೆ. ಸೆರಗಿನ ತುದಿ ಚಕ್ರಕ್ಕೋ ಚೈನಿಗೋ ಸಿಕ್ಕಿದರೆ ಏನಾಗಬಹುದು ಹೇಳಿ? ಒಂದು ಬೆರಳು ತೂರುವ ಸಂದೂ ಬಿಟ್ಟಿಲ್ಲ ನಾನು. ಡಬ್ಬಿಗಳ ನಡುವೆ ಕಬ್ಬಿಣದ ದಂಡ, ಪಿನ್ನು, ಅದರ ಜೊತೆಗೆ ಸಡಿಲವಾಗಿ ಒಂದು ಚೈನು. ಪಿನ್ನು ಕಳಚಿದರೂ ಚೈನು ಹಿಡಿಯುತ್ತದೆ.

ಈಗ ಎಂಜಿನ್. ಉಗಿ ಎಂಜಿನ್ ಆಸೆ ನನಗೂ ಇದೆ. ಆದರೆ ಬಾಯ್ಲರ್ ಅಂದರೆ ಒತ್ತಡ. ಬಲ್ಲವರ ಕೈಕೆಳಗೆ ಕಲಿಯದೆ ಅದನ್ನು ಮಕ್ಕಳ ಮುಂದೆ ಉರಿಸಬಾರದು. ಶುರುವಿಗೆ ಬ್ಯಾಟರಿ ಸಾಕು. ಇ-ರಿಕ್ಷಾದ 48 ವೋಲ್ಟ್, 1000 ವ್ಯಾಟ್ ಮೋಟಾರು, ಅದರದ್ದೇ ಕಂಟ್ರೋಲರ್, ನಾಲ್ಕು ಲೆಡ್ ಆಸಿಡ್ ಬ್ಯಾಟರಿ. ಬ್ಯಾಟರಿ ತೂಕ ಜಾಸ್ತಿ ಅಂತ ಬೇಸರ ಬೇಡ, ಇಲ್ಲಿ ತೂಕವೇ ಬೇಕು. ನನ್ನ ಎಂಜಿನ್ 180 ಕೆ.ಜಿ. ಒಣ ಹಳಿಯ ಮೇಲೆ ಉಕ್ಕಿನ ಚಕ್ರ ತನ್ನ ಮೇಲಿನ ತೂಕದ ಐದನೇ ಒಂದು ಭಾಗದಷ್ಟು ಎಳೆಯುತ್ತದೆ ಅಂತ ಇಟ್ಟುಕೊಳ್ಳಿ, 36 ಕೆ.ಜಿ. ಆಯಿತು. ಎಂಜಿನ್, ಎರಡು ಡಬ್ಬಿ, ಆರು ಜನ ಸೇರಿ 660 ಕೆ.ಜಿ. 80ಕ್ಕೆ 1ರ ಏರಿಗೆ ಬೇಕಾದ್ದು 8 ಕೆ.ಜಿ. ಸ್ವಲ್ಪ ಜಾಸ್ತಿ. ಉರುಳಲು, ತಿರುವಿಗೆ ಅಂತ ಇನ್ನೊಂದು 12 ಸೇರಿಸಿ. ಒಟ್ಟು 20, ಆರಾಮ. ಹಳಿ ಒದ್ದೆಯಾದರೆ ಆ 36 ಅರ್ಧಕ್ಕೆ ಇಳಿಯುತ್ತದೆ, ಚಕ್ರ ಜಾರುತ್ತದೆ. ಅದಕ್ಕೆ ಎರಡೂ ಆಕ್ಸಲ್‌ಗೆ ಚೈನ್ ಕೊಡಿ. ಒಂದಕ್ಕೆ ಮಾತ್ರ ಕೊಟ್ಟರೆ ಅರ್ಧ ತೂಕ ದಂಡ. ಮೋಟಾರು ನಿಮಿಷಕ್ಕೆ 3000 ಸುತ್ತಿನದಾದರೆ, 130ರ ಚಕ್ರಕ್ಕೆ 10.5 ಪಟ್ಟು ಇಳಿಸಿದಾಗ ಗಂಟೆಗೆ 7 ಕಿ.ಮೀ. ಬರುತ್ತದೆ. 15-45, ಆಮೇಲೆ 12-42 ಹಲ್ಲಿನ ಸ್ಪ್ರಾಕೆಟ್ ಹಾಕಿದ್ದೇನೆ. ವೇಗ ಇದಕ್ಕಿಂತ ಜಾಸ್ತಿ ಆಗುವಂತೆಯೇ ಇರಬಾರದು. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್, ಡ್ರೈವರ್ ಕೈಗೆ ಸಿಗುವ ಕಡೆ ಕೆಂಪು ಸ್ವಿಚ್. ಚಾರ್ಜ್ ಮಾಡುವುದು ಗಾಳಿಯಾಡುವ ಜಾಗದಲ್ಲಿ, ಬೀಡಿ, ಬೆಂಕಿ ಹತ್ತಿರ ಬೇಡ.

ಬ್ರೇಕ್ ಎಂಜಿನ್ನಿಗೆ ಮಾತ್ರ ಇದ್ದರೆ ಸಾಲದು. ಮಕ್ಕಳ ಬದಲು ಅಕ್ಕಿ ಮೂಟೆ ಇಟ್ಟು ಇಳಿಜಾರಿನಲ್ಲಿ ಹಿಡಿದು ನೋಡಿದೆ. ಒಣ ಹಳಿಯಲ್ಲಿ ನಾಲ್ಕೈದು ಮೀಟರಿಗೆ ನಿಂತಿತು. ಹಳಿಗೆ ನೀರು ಎರಚಿ ನೋಡಿದಾಗ ಅದರ ಎರಡು ಪಟ್ಟು ದಾಟಿತು. ಮಾರನೇ ದಿನವೇ ಎರಡೂ ಡಬ್ಬಿಗೆ ಚಕ್ರಕ್ಕೆ ಒತ್ತುವ ಬ್ರೇಕ್ ಕಟ್ಟೆ ಹಾಕಿ, ಒಂದೇ ಲಿವರಿಗೆ ಕೇಬಲ್ ಎಳೆದೆ. ನೀವೂ ಮೂಟೆ ಇಟ್ಟು ಹತ್ತು ಸುತ್ತು ಓಡಿಸದೆ ಮನುಷ್ಯರನ್ನು ಕೂರಿಸಬೇಡಿ.

ಓಡಿಸುವ ದಿನ ಬೆಳಿಗ್ಗೆ ಒಬ್ಬರು ಪೊರಕೆ, ಕೋಲು ಹಿಡಿದು ಇಡೀ ಸುತ್ತು ನಡೆಯಬೇಕು. ಅಡಿಕೆ ತೋಟದಲ್ಲಿ ರಾತ್ರಿ ಹಾಳೆ ಬಿದ್ದಿರುತ್ತದೆ, ಗೋಟು ಉದುರಿರುತ್ತದೆ. ಒಂದು ಅಡಿಕೆ ಹಳಿ ಮೇಲೆ ಕೂತರೆ ಚಕ್ರ ಎತ್ತಲು ಸಾಕು. ಚಿಕ್ಕ ಮಕ್ಕಳು ಇಬ್ಬರು ದೊಡ್ಡವರ ನಡುವೆ ಕೂರಲಿ. ಹತ್ತುವಾಗ ಇಳಿಯುವಾಗ ಬ್ರೇಕ್ ಹಿಡಿದೇ ಇರಲಿ. ಫೋಟೊ ತೆಗೆಯುವವರು ಕೆಳಗೆ ನಿಂತು ತೆಗೆಯಲಿ, ಡಬ್ಬಿಯಲ್ಲಿ ಕೂತು ಪಕ್ಕಕ್ಕೆ ಬಾಗುವುದು ಬೇಡ.

ಮಳೆಗಾಲದಲ್ಲಿ ನಾನು ಓಡಿಸುವುದಿಲ್ಲ. ಬ್ಯಾಟರಿ ಬಿಚ್ಚಿ ಮನೆಯೊಳಗೆ ಇಟ್ಟು, ತಿಂಗಳಿಗೊಮ್ಮೆ ಚಾರ್ಜ್ ಮಾಡಿ, ಡಿಸ್ಟಿಲ್ಡ್ ವಾಟರ್ ನೋಡುತ್ತೇನೆ. ಹಳಿಗೆ ತೆಳುವಾಗಿ ಹಳೆಯ ಎಂಜಿನ್ ಆಯಿಲ್ ಒರೆಸುತ್ತೇನೆ, ಓಡಿಸುವ ಮುಂಚೆ ಅದನ್ನು ಸೀಮೆಎಣ್ಣೆ ಬಟ್ಟೆಯಿಂದ ಪೂರ್ತಿ ತೆಗೆಯಬೇಕು. ದೀಪಾವಳಿಗೆ ಮಕ್ಕಳೆಲ್ಲ ಊರಿಗೆ ಬರುತ್ತಾರೆ. ಅದಕ್ಕೆ ಒಂದು ವಾರ ಮುಂಚೆ ಎರೆ ಮಣ್ಣಿನ ಕಡೆಯ ಹಳಿಯನ್ನು ಹಾರೆಯಿಂದ ಎತ್ತಿ, ಸ್ಲೀಪರ್ ಕೆಳಗೆ ಜಲ್ಲಿ ಗಿಡಿದು, ಕೋಲು ಇಟ್ಟು ಮಟ್ಟ ನೋಡುತ್ತಾ ಹೋಗುತ್ತೇವೆ. ತಮ್ಮ ಹಾರೆ ಹಿಡಿಯುತ್ತಾನೆ, ಮೊಮ್ಮಗಳು ರಸಮಟ್ಟದ ಗುಳ್ಳೆ ನೋಡಿ "ಇನ್ನೊಂಚೂರು ಎತ್ತಜ್ಜಾ" ಅನ್ನುತ್ತಾಳೆ. 60 ಮೀಟರ್ ಮುಗಿಸಲು ಮೂವರಿಗೆ ಎರಡು ದಿನ ಬೇಕು.